ಗೋಲು ಬಾರದ ಸೀಜನ್ನು

ಸಿಂಧನೂರಿನ ಬಸ್ ನಿಲ್ದಾಣದ ಎದುರು ನನ್ನ ಫೋಟೊ ಲೈಟಿನ ಕಂಬದಷ್ಟು ಎತ್ತರಕ್ಕೆ ನಿಂತ ಮೇಲೆ ತಿಂಗಳುಗಟ್ಟಲೆ ನಾನು ಒಂದೇ ಒಂದು ಗೋಲು ಹೊಡೆಯಲಿಲ್ಲ. ಫ್ಲೆಕ್ಸಿನಲ್ಲಿ ನಾನು ಕೈ ಕಟ್ಟಿಕೊಂಡು, ಕಾಲ ಕೆಳಗೆ ಚೆಂಡು ಒತ್ತಿಕೊಂಡು ನಿಂತಿದ್ದೆ. ಬೆನ್ನ ಹಿಂದೆ ಒಂದು ಹುಲಿ ಬಾಯಿ ತೆರೆದಿತ್ತು. ಕೆಳಗೆ ‘ಎದುರಾಳಿಗಳ ಎದೆ ನಡುಗಿಸಿದ ನಮ್ಮ ಸ್ಟ್ರೈಕರ್‌ಗೆ ಅಭಿನಂದನೆಗಳು’ ಎಂದು ಬರೆಸಿದ್ದರು. ಬರೆಸಿದವರು ನಮ್ಮ ಕ್ಲಬ್ಬಿನ ಮಾಲಕರು. ಅವರದು ಅಕ್ಕಿ ಗಿರಣಿ. ಅದೇ ಗಿರಣಿಯಲ್ಲಿ ನನಗೆ ಕೆಲಸ: ಭತ್ತದ ಲಾರಿ, ಟ್ರ್ಯಾಕ್ಟರುಗಳನ್ನು ತೂಕದ ಕಾಟಾದ ಮೇಲೆ ಹತ್ತಿಸಿ ಚೀಟಿ ಹರಿದುಕೊಡುವುದು. ಬಿಸಿಲು ಇಳಿದ ಮೇಲೆ ಕಾಲೇಜು ಮೈದಾನದಲ್ಲಿ ಅಭ್ಯಾಸ.

ಮುದಗಲ್ಲಿನಿಂದ ನನ್ನನ್ನು ಕರೆಸಿಕೊಂಡದ್ದೇ ಗೋಲು ಹೊಡೆಯಲಿಕ್ಕೆ. ನಮ್ಮ ಭಾಗದ ಊರುಗಳು ಸೇರಿ ನಡೆಸುವ ಲೀಗಿನಲ್ಲಿ ಎರಡು ಮಟ್ಟ. ನಾವು ಕೆಳಗಿನ ಮಟ್ಟದವರು. ಅಲ್ಲಿ ಕಡೆಯ ಸ್ಥಾನಕ್ಕೆ ಬಿದ್ದ ತಂಡ ಮುಂದಿನ ವರ್ಷ ಲೀಗಿನಿಂದಲೇ ಹೊರಗೆ. ಮಾಲಕರು ಮೊದಲ ದಿನವೇ ಒಂದು ಮಾತು ಹೇಳಿದ್ದರು. ಅವರ ಹಿರಿಯರು ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ವಲಸಿಗರ ಕ್ಯಾಂಪಿನಲ್ಲಿ ನೆಲೆಸಿದವರು. ಅವರ ಕನ್ನಡದಲ್ಲಿ ತೆಲುಗು ಆಗಾಗ ಇಣುಕುತ್ತಿತ್ತು.

“ಚೂಡು, ನನಗ ಈ ಆಟ ಪೂರಾ ತಿಳಿಯಂಗಿಲ್ಲ. ಚೆಂಡು ಜಾಳಗಿಗೆ ಹೋದ್ರ ಸಂತೋಷ ಅಂತ ಅಷ್ಟು ಗೊತ್ತು. ಹೊರಗ ಬಿದ್ವಿ ಅಂದ್ರ ಮುಂದಿನ ವರ್ಷ ಕ್ರಿಕೆಟ್ ಟೀಮ್ ಮಾಡ್ತೀನಿ. ಅದು ಎಲ್ಲರಿಗೂ ತಿಳೀತೈತಿ.”

ಮೊದಲ ಪಂದ್ಯ ಲಿಂಗಸುಗೂರಿನವರ ಮೇಲೆ. ಅಂದು ನಾನು ಮೂರು ಗೋಲು ಹೊಡೆದೆ. ಮೊದಲನೆಯದು ಕಾರ್ನರ್‌ನಿಂದ ತಲೆಗೆ ಬಂದದ್ದು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎರಡನೆಯದು, ಅವರ ಕೀಪರ್ ಜೋರಾಗಿ ಒದ್ದ ಚೆಂಡು ತಿರುಗಿ ನಿಂತಿದ್ದ ನನ್ನ ತೊಡೆಗೆ ಬಡಿದು ತಾನೇ ಒಳಗೆ ಹೋಯಿತು. ಮೂರನೆಯದೊಂದೇ ನಿಜವಾದ ಗೋಲು. ಎಡಗಡೆಯಿಂದ ನಮ್ಮ ವಿಂಗರ್ ಕೊಟ್ಟ ಚೆಂಡನ್ನು ಒಂದು ಮುಟ್ಟಿಗೆ ನಿಲ್ಲಿಸಿ, ಇನ್ನೊಂದಕ್ಕೆ ದೂರದ ಮೂಲೆಗೆ ಹೊಡೆದೆ. ಮಾಲಕರು ಮೂರಕ್ಕೂ ಒಂದೇ ಬೆಲೆ ಕಟ್ಟಿದರು. ಮರುದಿನ ಬೆಳಗ್ಗೆ ಹುಲಿ ಬಸ್ ನಿಲ್ದಾಣದ ಎದುರು ನಿಂತಿತ್ತು.

ಆಮೇಲೆ ನಿಂತುಹೋಯಿತು. ತುರ್ವಿಹಾಳದಲ್ಲಿ ಹೊಡೆದದ್ದೆಲ್ಲ ಕಂಬದ ಮೇಲೆ ಹಾರಿತು. ಜವಳಗೇರಾದ ಮೈದಾನದ ಒಂದು ಗೋಲಿನ ಹಿಂದೆ ಕಾಲುವೆ ಇದೆ. ಕೀಪರ್ ಕಾಲು ಜಾರಿ ಬಿದ್ದಿದ್ದ, ಗೋಲು ತೆರೆದ ಬಾಗಿಲಿನಂತಿತ್ತು. ನಾನು ಹೊಡೆದ ಚೆಂಡು ಕಂಬದ ಮೇಲಿಂದ ಹೋಗಿ ನೇರ ಕಾಲುವೆಗೆ ಬಿತ್ತು. ನೀರಿನ ಸೆಳವು ಜೋರಿತ್ತು. ಇದ್ದದ್ದು ಅದೊಂದೇ ಒಳ್ಳೆಯ ಚೆಂಡು. ಇಬ್ಬರು ಮೋಟರ್‌ಸೈಕಲ್ ಹತ್ತಿ ಮುಂದಿನ ಸೇತುವೆಯ ಕಡೆಗೆ ಓಡಿದರು. ಇಪ್ಪತ್ತೆರಡು ಜನ ಆಟಗಾರರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆವು. ನನ್ನನ್ನು ತಡೆಯಲು ನಿಂತಿದ್ದ ಅವರ ಸ್ಟಾಪರ್ ಪಕ್ಕ ಬಂದು ಸಮಾಧಾನದ ದನಿಯಲ್ಲಿ ಕೇಳಿದ: “ನಿಮ್ಮೂರಾಗ ಗೋಲ್ ಕಂಬ ಎತ್ತರ ಇರ್ತಾವೇನು?”

ಚೆಂಡು ಹಿಂದಿರುಗಿ ಬಂತು, ನನ್ನ ಗೋಲು ಬರಲಿಲ್ಲ.

ಮೂರ್ನಾಲ್ಕು ಪಂದ್ಯ ಹೀಗೆ ಕಳೆದ ಮೇಲೆ ಊರೆಲ್ಲ ನನಗೆ ಆಟ ಕಲಿಸತೊಡಗಿತು. ಕಾಟಾದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದವರು ಚೀಟಿಗಿಂತ ಮೊದಲು ಸಲಹೆ ಕೊಡುತ್ತಿದ್ದರು. ಹಮಾಲರಲ್ಲಿ ಹಿರಿಯನೊಬ್ಬ ಚೀಲ ಹೆಗಲಿಗೇರಿಸಿಕೊಂಡೇ ನಿಂತು, “ಕಣ್ಣ ಮುಚ್ಚಿ ಹೊಡಿ. ಮೊದ್ಲ ಹಂಗs ಹೊಡದಿದ್ದಿ, ಹೋಗಿತ್ತು” ಎಂದ. ಮಸ್ಕಿಯಿಂದ ನನ್ನ ಅತ್ತೆ ಒಂದು ತಾಯತ ಕಳಿಸಿದರು. ಬಲಗಾಲಿನ ಪಾದದ ಮೇಲೆ ಕಟ್ಟಿಕೊಂಡು ಆಡಲು ಇಳಿದೆ. ರೆಫರಿ ಅದನ್ನು ಬಿಚ್ಚಿಸಿದರು. ಆಭರಣ ಹಾಕಿಕೊಂಡು ಆಡುವಂತಿಲ್ಲ ಎಂಬ ನಿಯಮವಿದೆಯಂತೆ. ಇದು ಆಭರಣವಲ್ಲ ಎಂದು ನಮ್ಮ ಕೋಚ್ ವಾದಿಸಿದರು. ಹಾಗಾದರೆ ಏನು ಎಂದು ರೆಫರಿ ಕೇಳಿದರು. ಕೋಚ್ ತಾಯತವನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಕೋಚ್ ಅಂದರೆ ನಿವೃತ್ತ ಪೀಟಿ ಮಾಸ್ತರು. ಸಿಟ್ಟು ಕಡಿಮೆ, ತಾಳ್ಮೆ ಇನ್ನೂ ಕಡಿಮೆ. ಒಂದು ಸಂಜೆ ಅವರು ತಮ್ಮ ಮೊಬೈಲಿನಲ್ಲಿ ನಾನು ಹೊಡೆಯುವುದನ್ನು ಪಕ್ಕದಿಂದ ಚಿತ್ರೀಕರಿಸಿ, ಅದನ್ನು ನಿಧಾನಗೊಳಿಸಿ ತೋರಿಸಿದರು.

“ಇಲ್ಲಿ ನೋಡಲೇ. ಹೊಡಿಯೂದು ಬಲಗಾಲು, ಖರೆ. ಕೆಡಿಸೂದು ಎಡಗಾಲು. ಅದು ಚೆಂಡಿನ ಬಾಜೂಕ ಊರಬೇಕು. ನಿಂದು ಗೇಣು ಹಿಂದ ಊರತೈತಿ. ಕಾಲು ಹಿಂದ ಉಳದ್ರ ಮೈ ಹಿಂದಕ್ಕ ವಾಲತೈತಿ. ಮೈ ವಾಲಿದ್ರ ಚೆಂಡು ಮ್ಯಾಲಕ್ಕ ಹೊಕ್ಕೈತಿ. ತಾಯತ ಕಟ್ಟೂದಿದ್ರ ಎಡಗಾಲಿಗೆ ಕಟ್ಟಬೇಕಿತ್ತು.”

ನಮ್ಮ ಕರಿ ನೆಲ ಬೇಸಿಗೆಗೆ ಇಟ್ಟಿಗೆಯಂತಾಗುತ್ತದೆ. ಬಿರುಕಿನಲ್ಲಿ ಕಾಲು ಹೊರಳೀತೆಂಬ ಭಯಕ್ಕೆ ನಾನು ಎಡಗಾಲನ್ನು ಹಿಂದೆಯೇ ಊರಿ ರೂಢಿ ಮಾಡಿಕೊಂಡಿದ್ದೆ. ಅದನ್ನು ಬಿಡಿಸಲು ಮಾಸ್ತರು ಗಿರಣಿಯಿಂದ ಹೊಟ್ಟಿನ ಚೀಲ ತರಿಸಿದರು. ಗೋಲಿನ ಬಾಯಿಗೆ ಆಳೆತ್ತರ ಚೀಲ ಒಟ್ಟಿ, ಕೆಳಗೆ ಎರಡೂ ಮೂಲೆಗಳಲ್ಲಿ ನಾಯಿ ನುಸುಳುವಷ್ಟು ಸಂದು ಬಿಟ್ಟರು. ಚೆಂಡಿನ ಪಕ್ಕದಲ್ಲಿ ಸುಣ್ಣದ ಗುರುತು ಹಾಕಿ, ಎಡಗಾಲು ಅಲ್ಲೇ ಬೀಳಬೇಕೆಂದರು. ದಿನಾ ಸಂಜೆ ಇದೇ. ಮೊದಮೊದಲು ಚೀಲ ಒಡೆದು ಹೊಟ್ಟು ಹಾರಿ ಕೀಪರ್‌ಗೆ ಕೆಮ್ಮು ಹತ್ತಿತು. ಕ್ರಮೇಣ ಚೆಂಡು ಕೆಳಗೆ ಇಳಿಯಿತು, ಸಂದಿನಲ್ಲಿ ನುಸುಳತೊಡಗಿತು. ಮಾಸ್ತರು, “ಈಗ ನೋಡು” ಎಂದರು.

ನೋಡಿದ್ದಾಯಿತು. ಪಂದ್ಯದಲ್ಲಿ ಚೆಂಡು ಬಂದ ಕೂಡಲೇ ನಾನು ಎಡಗಾಲನ್ನು ನೋಡುತ್ತಿದ್ದೆ. ಅದು ಸರಿಯಾದ ಜಾಗದಲ್ಲಿದೆ ಎಂದು ಖಾತ್ರಿಯಾಗುವಷ್ಟರಲ್ಲಿ ಸ್ಟಾಪರ್ ಬಂದು ಚೆಂಡು ಒಯ್ದಿರುತ್ತಿದ್ದ. ಮೊದಲು ಗುರಿ ತಪ್ಪಿಸುತ್ತಿದ್ದವನು ಈಗ ಹೊಡೆಯುವುದನ್ನೇ ಬಿಟ್ಟೆ. ಹೊಟ್ಟಿನ ಚೀಲಗಳು ಎದ್ದು ಬಂದು ಚೆಂಡು ಕಸಿಯುತ್ತಿರಲಿಲ್ಲವಲ್ಲ.

ತಂಡ ಕಡೆಯಿಂದ ಎರಡನೆಯ ಸ್ಥಾನಕ್ಕೆ ಇಳಿಯಿತು. ನಮ್ಮ ಕೆಳಗೆ ಒಬ್ಬರೇ. ಮಾಸ್ತರು ನನ್ನನ್ನು ಹನ್ನೊಂದರಿಂದ ತೆಗೆದು ಹೊರಗೆ ಕೂರಿಸಿದರು. ಅದೇ ವಾರ ಮಾಲಕರು ನನ್ನನ್ನು ಕಾಟಾದಿಂದ ತೆಗೆದು ತೌಡಿನ ವಿಭಾಗಕ್ಕೆ ಹಾಕಿದರು. ಬೈಯಲಿಲ್ಲ, ಮುಖ ಕೆಡಿಸಿಕೊಳ್ಳಲಿಲ್ಲ.

“ಕಾಟಾದ ಮ್ಯಾಲೆ ಕುಂತ್ರ ಬಂದವರೆಲ್ಲ ನಿನ್ನ ಕೇಳ್ತಾರಯ್ಯಾ. ಅಲ್ಲಿ ಯಾರೂ ಬರಂಗಿಲ್ಲ. ಆರಾಮ ಇರು.”

ಕರುಣೆಯಿಂದಲೇ ಹೇಳಿದರು. ಆದರೆ ಸಂಜೆಯ ಹೊತ್ತಿಗೆ ಗಿರಣಿಯೆಲ್ಲ ಒಂದೇ ಮಾತು: ಇಷ್ಟು ದಿನ ಮೈದಾನದಾಗ ತೌಡು ಕುಟ್ಟಿದ, ಈಗ ಪಗಾರ ತಗೊಂಡು ಕುಟ್ಟಾಕತ್ತಾನ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ನಗು ತಡೆಯಲು ನೀರು ತರುವ ನೆಪದಲ್ಲಿ ಒಳಗೆ ಹೋದಳು. ತಂಬಿಗೆಯ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಮಾಲಕರ ಹತ್ತಿರ ಹೋಗಿ, ಕನಿಷ್ಠ ಆ ಫ್ಲೆಕ್ಸನ್ನಾದರೂ ಇಳಿಸಿರಿ ಎಂದು ಬೇಡಿಕೊಂಡೆ. ನೋಡೋಣ ಎಂದರು.

ಮುಂದಿನ ಪಂದ್ಯ ಮುದಗಲ್ಲಿನಲ್ಲಿ, ನನ್ನ ಊರಲ್ಲೇ. ಮೊದಲರ್ಧ ನೀರಿನ ಕ್ಯಾನಿನ ಪಕ್ಕ ಕುಳಿತಿದ್ದೆ. ಎರಡನೆಯ ಅರ್ಧದಲ್ಲಿ ನಮ್ಮವನೊಬ್ಬನಿಗೆ ಸ್ನಾಯು ಹಿಡಿದುಕೊಂಡಿತು. ಮಾಸ್ತರು ಸುತ್ತ ನೋಡಿದರು, ನನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ. “ಹೋಗು” ಎಂದರು. ಏನು ಮಾಡಬೇಕೆಂದು ಹೇಳಲಿಲ್ಲ.

ಒಳಗೆ ಹೋದ ಕೂಡಲೇ ಅವರ ಇಬ್ಬರು ಸ್ಟಾಪರ್‌ಗಳು ನನಗೆ ಅಂಟಿಕೊಂಡರು. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಚೆಂಡು ಆ ತುದಿಯಲ್ಲಿದ್ದಾಗ ನಾನು ಅಂಚಿನ ಗೆರೆಯ ಹತ್ತಿರ ಶೂ ಲೇಸು ಕಟ್ಟಿಕೊಳ್ಳಲು ಕುಳಿತೆ. ತಲೆ ಎತ್ತಿದರೆ ಒಬ್ಬ ಪಕ್ಕದಲ್ಲಿ ನಿಂತಿದ್ದಾನೆ, ಇನ್ನೊಬ್ಬ ನಾಲ್ಕು ಹೆಜ್ಜೆ ಆಚೆ.

“ನೀ ಯಾಕ ಬಂದಿ?” ಎಂದೆ.

“ನಿನ್ನ ಬಿಟ್ಟು ಸರೀಬ್ಯಾಡ ಅಂದಾರ.”

“ನಾ ಗೋಲ್ ಹೊಡದು ಎಷ್ಟ ದಿನ ಆತು ಗೊತ್ತೈತೇನು?”

“ಅದೇನೋ ಗೊತ್ತಿಲ್ಲಪ. ಸಿಂಧನೂರ ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಫೋಟೊ ನೋಡೀವಿ. ಹುಲಿ ಹಾಕ್ಯಾರ.”

ನಾನು ಅವರ ಹಿಂದೆ ನೋಡಿದೆ. ಗೋಲಿನ ಮುಂದೆ ಒಂದು ಎತ್ತಿನ ಬಂಡಿ ತಿರುಗಿಸುವಷ್ಟು ಜಾಗ ಖಾಲಿ ಬಿದ್ದಿತ್ತು. ಲೇಸು ಬಿಗಿದು ಎದ್ದೆ. ಆಮೇಲೆ ಗೋಲಿನ ಕಡೆಗೆ ಹೋಗಲೇ ಇಲ್ಲ. ನಮ್ಮವರಿಗೆ ಚೆಂಡು ಸಿಕ್ಕ ತಕ್ಷಣ ಬಲಗಡೆಯ ಅಂಚಿಗೆ, ಇಲ್ಲವೆ ನಮ್ಮ ಅರ್ಧದ ಕಡೆಗೆ ಓಡುತ್ತಿದ್ದೆ. ಇಬ್ಬರೂ ಬೆನ್ನು ಹತ್ತಿ ಬರುತ್ತಿದ್ದರು. ಎಡ ವಿಂಗರ್, ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ ಅಂಗಡಿ ಇಟ್ಟ ಗಿಡ್ಡ ಮನುಷ್ಯ, ಆ ಖಾಲಿ ಜಾಗಕ್ಕೆ ನುಗ್ಗಿ ಒಂದು ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು. ಗೆದ್ದೆವು.

ಹಿಂದಿರುಗುವ ಬಸ್ಸಿನಲ್ಲಿ ಮಾಸ್ತರ ಪಕ್ಕ ಕುಳಿತು ನನ್ನ ನಿರ್ಧಾರ ಹೇಳಿದೆ. “ಸರ್, ಇನ್ನ ಮುಂದ ನಾ ಗೋಲಿಗೆ ಹೊಡಿಯಾಕ ಹೋಗಂಗಿಲ್ಲ. ಅವರನ್ನ ಕರಕೊಂಡು ಹೊರಗ ಹೊಕ್ಕೀನಿ. ಆ ಜಾಗದಾಗ ಅವರು ಹೊಡೀಲಿ.”

ಮಾಸ್ತರು ನನ್ನ ಕಡೆ ತಿರುಗಿದರು. “ಸ್ಟ್ರೈಕರ್ ಅಂತ ಹೆಸರು ಇಟಗೊಂಡು?”

“ಹೆಸರು ಇರ್ಲಿ ಸರ್. ಹೆಸರಿಗೇ ಅವರು ಬರಾಕತ್ತಾರ.”

ಹೇಳಿದಷ್ಟು ಸುಲಭವಿರಲಿಲ್ಲ. ಹತ್ತು ವರ್ಷ ಗೋಲಿನ ಕಡೆಗೆ ಓಡಿದ ಕಾಲುಗಳನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಆದರೂ ಮರುದಿನ ನಾನು ಮೊದಲು ಮಾಡಿದ ಕೆಲಸ, ಮಾಲಕರ ಹತ್ತಿರ ಓಡಿ ಫ್ಲೆಕ್ಸ್ ಇಳಿಸಬೇಡಿರಿ ಎಂದದ್ದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನಿನ್ನೆ ಮೊನ್ನೆ ಇಳಸು ಅಂದಿ. ಇವತ್ತ ಬ್ಯಾಡ ಅಂತಿ. ಏಮೈಂದಿ ನಿನಗ?”

ಅವರಿಗೆ ವಿವರಿಸುವುದು ಎದುರಾಳಿಗಳನ್ನು ಏಮಾರಿಸುವುದಕ್ಕಿಂತ ಕಷ್ಟವಾಯಿತು. ಮುಂದಿನ ಪಂದ್ಯವನ್ನೂ ಗೆದ್ದೆವು, ಮತ್ತೆ ಈರುಳ್ಳಿ ಅಂಗಡಿಯವನೇ ಹೊಡೆದ. ಮಾಲಕರು ಅಂಚಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು, “ಗೆದ್ವಿ, ಸಂತೋಷ. ಆದ್ರ ನೀ ಆ ಕಡೆ ಏನ್ ಮಾಡಾಕತ್ತಿದ್ದಿ? ಗೋಲ್ ಈ ಕಡೆ ಐತಲ್ಲ” ಎಂದರು. ಕಾಟಾದ ಕೆಲಸ ಹಿಂದಿರುಗಿ ಕೊಡಲಿಲ್ಲ.

ಕಡೆಯ ಪಂದ್ಯದ ಹೊತ್ತಿಗೆ ಲೆಕ್ಕ ಸರಳವಾಗಿತ್ತು. ನಮ್ಮ ಕೆಳಗಿದ್ದವರೂ ಗೆದ್ದು ಮೇಲೆ ಹೋಗಿದ್ದರು; ತಳದಲ್ಲಿ ಉಳಿದವರು ನಾವು, ನಮಗಿಂತ ಒಂದೇ ಅಂಕ ಮುಂದೆ ಮಸ್ಕಿಯವರು. ಆಟ ಮಸ್ಕಿಯಲ್ಲಿ, ಮಸ್ಕಿಯವರ ಮೇಲೆ. ಡ್ರಾ ಆದರೂ ಅವರು ಉಳಿಯುತ್ತಾರೆ, ನಾವು ಹೊರಗೆ. ಗೆದ್ದರೆ ನಾವು ಉಳಿಯುತ್ತೇವೆ, ಅವರು ಹೊರಗೆ. ಮಸ್ಕಿಯ ಕೀಪರ್ ನನ್ನ ಹೆಂಡತಿಯ ತಮ್ಮ.

ಅವನು ಒಳ್ಳೆಯ ಕೀಪರ್. ನಾನು ಮಾವನ ಮನೆಗೆ ಹೋದ ಭಾನುವಾರಗಳಲ್ಲಿ ಊಟದ ಮೊದಲು ಇಬ್ಬರೂ ಬಯಲಿಗೆ ಹೋಗಿ, ಎರಡು ಕಲ್ಲು ಇಟ್ಟು, ನಾನು ಪೆನಾಲ್ಟಿ ಹೊಡೆಯುವುದು, ಅವನು ಹಿಡಿಯುವುದು. ಮದುವೆಯಾದಂದಿನಿಂದ ನಡೆದುಬಂದದ್ದು. ನಾನು ಎಷ್ಟೇ ನಟಿಸಿದರೂ ಕೊನೆಗೆ ಬಲಕ್ಕೇ ಹೊಡೆಯುತ್ತೇನೆಂದು ಜಗತ್ತಿನಲ್ಲಿ ಗೊತ್ತಿದ್ದ ಒಬ್ಬನೇ ಮನುಷ್ಯ ಅವನು.

ಹೊರಡುವ ಮುಂಚೆ ಹೆಂಡತಿ ತಲೆ ಬಾಚಿಕೊಳ್ಳುತ್ತ ಹೇಳಿದಳು: “ನೀವು ಸೋತ್ರ ನನ್ನ ತಮ್ಮ ವರ್ಷಗಟ್ಲೆ ಆಡಕೋತಾನ, ನಾ ಕೇಳಬೇಕು. ನೀವು ಗೆದ್ರ ನಮ್ಮವ್ವ ವರ್ಷಗಟ್ಲೆ ಮಾತಾಡ್ಸಂಗಿಲ್ಲ. ನೋಡ್ರಿ, ಏನರ ಮಾಡ್ರಿ.”

“ಏನರ ಅಂದ್ರ?”

“ಅದನ್ನ ನಾ ಹೇಳಾಕ ಬರ್ತೈತೇನ್ರಿ, ಆಡಾವ್ರು ನೀವು” ಎಂದು ಜಡೆ ಬೆನ್ನ ಹಿಂದಕ್ಕೆ ಎಸೆದಳು.

ಅವಳು ಮೈದಾನದಲ್ಲಿ ತವರಿನ ಹೆಂಗಸರ ಜೊತೆ ಹೋಗಿ ಕುಳಿತಳು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ತಿಳಿಯಿತು, ಇಲ್ಲಿ ನಮ್ಮ ಉಪಾಯ ನಡೆಯುವುದಿಲ್ಲ. ನಾನು ಬಲ ಅಂಚಿಗೆ ಓಡಿದೆ. ಯಾರೂ ಬರಲಿಲ್ಲ. ಹಿಂದಕ್ಕೆ ಬಂದೆ. ಯಾರೂ ಬರಲಿಲ್ಲ. ಗೋಲಿನಿಂದ, ನನ್ನನ್ನು ಮಾವ ಎಂದು ಕರೆಯುವ ಭಾವಮೈದುನನ ದನಿ ಮೈದಾನಕ್ಕೆಲ್ಲ ಕೇಳಿಸುತ್ತಿತ್ತು: “ಮಾವನ ಕಡೆ ಯಾರೂ ಹೋಗಬ್ಯಾಡ್ರಿ. ಅಂವ ಹೊಡಿಯಂಗಿಲ್ಲ. ಉಳ್ಳಾಗಡ್ಡಿ ಅಂಗಡ್ಯಾವನ ಹಿಡೀರಿ.”

ಈರುಳ್ಳಿ ಅಂಗಡಿಯವನ ಸುತ್ತ ಮೂವರು. ಅವನು ಸಂತೆಯಲ್ಲಿ ಸಿಕ್ಕಿಕೊಂಡವನಂತೆ ಒದ್ದಾಡುತ್ತಿದ್ದ. ನಾನು ಅವರ ಗೋಲಿನ ಮುಂದೆ ಒಬ್ಬನೇ ನಿಂತಿದ್ದೆ. ಎಲ್ಲ ತಂಡಗಳೂ ನನಗೆ ಅಂಜುತ್ತಿದ್ದವೆಂದು ಆ ದಿನದವರೆಗೆ ಒಳಗೊಳಗೇ ಒಂದು ಖುಷಿ ಇತ್ತೆಂದು ಕಾಣುತ್ತದೆ. ಅದು ಹೋದಾಗಲೇ ಇದ್ದದ್ದು ಗೊತ್ತಾಯಿತು. ಸಿಟ್ಟೂ ಬಂತು. ಮಾಸ್ತರ ಕಡೆ ನೋಡಿದೆ. ಅವರು ಎರಡೂ ಕೈ ಚಾಚಿ, ಜಾಗ ಬಿಟ್ಟಾರ, ಇನ್ನೇನು ಬೇಕು ಎಂಬಂತೆ ತೋರಿಸಿದರು.

ಕೊನೆಗಾಲಕ್ಕೆ, ಇನ್ನೂ ಯಾರದೂ ಗೋಲಾಗದೆ ಇರುವಾಗ, ನಮ್ಮ ಸ್ಟಾಪರ್ ಹಿಂದಿನಿಂದ ಉದ್ದಕ್ಕೆ ಹೊಡೆದ ಚೆಂಡು ನನ್ನ ಕಡೆಗೆ ಬಂತು. ಎದೆಯ ಎತ್ತರಕ್ಕೆ ಪುಟಿದದ್ದನ್ನು ತೊಡೆಯಿಂದ ಇಳಿಸಿಕೊಂಡು ತಿರುಗಿದೆ. ಎದುರಿಗೆ ಕೀಪರ್ ಒಬ್ಬನೇ. ಇಷ್ಟು ಹೊತ್ತು ನನ್ನನ್ನು ಮರೆತಿದ್ದ ಮಸ್ಕಿಯ ಡಿಫೆಂಡರನೊಬ್ಬನಿಗೆ ಒಮ್ಮೆಲೇ ನೆನಪಾಗಿ, ಓಡಿ ಬಂದು ಹಿಂದಿನಿಂದ ಕಾಲು ಕೊಟ್ಟ. ನಾನು ಬಿದ್ದೆ. ರೆಫರಿ ಪೆನಾಲ್ಟಿಯ ಚುಕ್ಕೆ ತೋರಿಸಿದರು.

ಚೆಂಡು ನನ್ನ ಕೈಗೇ ಕೊಟ್ಟರು. ಸ್ಟ್ರೈಕರ್ ನಾನು, ಬಿದ್ದವನೂ ನಾನು. ಮಾಲಕರು ಕುರ್ಚಿ ಬಿಟ್ಟು ಗೆರೆಯವರೆಗೆ ಬಂದು, “ನೀನs ಹೊಡಿಯಯ್ಯಾ, ನೀನs” ಎಂದು ಕೂಗುತ್ತಿದ್ದರು. ಭಾವಮೈದುನ ಗ್ಲೌಸು ತಟ್ಟಿಕೊಂಡು ಗೆರೆಯ ಮೇಲೆ ನಿಂತ. ಅವನ ಮುಖದಲ್ಲಿ ಭಾನುವಾರದ ನಗು.

“ಬಾ ಮಾವ. ನಿನ್ನ ಹೊಡ್ತ ನಾ ನೋಡದ್ದೇನಲ್ಲ.”

ನಾನು ಚೆಂಡನ್ನು ಚುಕ್ಕೆಯ ಮೇಲಿಟ್ಟೆ. ಎಡಕ್ಕೆ ಹೊಡೆಯಬೇಕು ಎಂದುಕೊಂಡೆ. ಆದರೆ ಓಡಿ ಬಂದ ಮೇಲೆ ಈ ಕಾಲು ಬಲಕ್ಕೇ ಹೋಗುತ್ತದೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಚೆಂಡು ಎತ್ತಿಕೊಂಡೆ. ನಮ್ಮ ಸ್ಟಾಪರ್, ಲಾರಿ ಓಡಿಸುವ ದಪ್ಪ ಆಸಾಮಿ, ಅರ್ಧ ಮೈದಾನದ ಆಚೆ ನಿಂತಿದ್ದ. ಅವನು ಜನ್ಮದಲ್ಲಿ ಪೆನಾಲ್ಟಿ ಹೊಡೆದವನಲ್ಲ. ಕರೆದು ಕೊಟ್ಟೆ.

“ನಾನೇನಲೇ?” ಎಂದ.

“ಹೂಂ. ಜೋರ್ ಹೊಡಿ, ಸಾಕು.”

ಮಾಲಕರು ತಲೆಯ ಮೇಲೆ ಕೈ ಹೊತ್ತರು. ಸಿಂಧನೂರಿನಿಂದ ಬಂದ ಜನ ನನ್ನ ಹೆಸರು ಹಿಡಿದು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಭಾವಮೈದುನನ ನಗು ಮಾತ್ರ ಹೋಗಿತ್ತು. “ಮಾವ, ಇದ್ಯಾರು? ಇವನ್ನ ಯಾಕ ಕರದಿ? ನೀ ಹೊಡಿ” ಎಂದ. ನಾನು ಉತ್ತರಿಸದೆ ಗೆರೆಯ ಹೊರಗೆ ಹೋಗಿ ನಿಂತೆ.

ಲಾರಿಯವನು ಬಹಳ ದೂರದಿಂದ ಓಡಿ ಬಂದ. ಎತ್ತ ಹೊಡೆಯುತ್ತಾನೆಂದು ಅವನಿಗೇ ಗೊತ್ತಿರಲಿಲ್ಲವಾದ್ದರಿಂದ ಕೀಪರ್‌ಗೆ ಗೊತ್ತಾಗುವುದು ಸಾಧ್ಯವೇ ಇರಲಿಲ್ಲ. ಭಾವಮೈದುನ ಒಂದು ಕಡೆ ಹಾರಿದ. ಚೆಂಡು ನಡುವೆ, ನೇರ ಮೇಲೆ, ಅಡ್ಡಪಟ್ಟಿಗೆ ಬಡಿಯಿತು. ಕಬ್ಬಿಣದ ಪೈಪು ಗಂಟೆಯಂತೆ ಮೊಳಗಿತು. ಚೆಂಡು ಪುಟಿದು ಹಿಂದಕ್ಕೆ ಬಂತು.

ನಾನು ಆಗಲೇ ಓಡುತ್ತಿದ್ದೆ. ಯಾಕೆ ಓಡಿದೆ ಎಂದರೆ ಹೇಳಲಾರೆ. ಯಾರಾದರೂ ಗೋಲಿಗೆ ಹೊಡೆದರೆ ಹಿಂದೆ ಓಡಬೇಕು ಎಂದು ಚಿಕ್ಕಂದಿನಲ್ಲಿ ಕಲಿತದ್ದು. ಮಸ್ಕಿಯವರು ನಿಂತಲ್ಲೇ ನಿಂತಿದ್ದರು. ಚೆಂಡು ಒಂದು ಪುಟ ಹಾಕಿ ನನ್ನ ಮುಂದೆ ಬಂತು. ಎಡಗಾಲು ಎಲ್ಲಿ ಊರಿತೋ ನೋಡಲಿಲ್ಲ. ಹೊಡೆದೆ. ಭಾವಮೈದುನ ನೆಲದಿಂದ ಏಳುವಷ್ಟರಲ್ಲಿ ಚೆಂಡು ಅವನ ಕೈಯ ಕೆಳಗಿಂದ ನೆಲಕ್ಕಂಟಿಕೊಂಡು ಒಳಗೆ ಹೋಗಿತ್ತು.

ಮೈಕು ಹಿಡಿದಿದ್ದ ಮಸ್ಕಿಯ ಹಿರಿಯರು ಸೋಲನ್ನು ಹೇಗೆ ಹೇಳುವುದು ಎಂದು ಯೋಚಿಸಿ, ಕೊನೆಗೆ ಗಂಟಲು ಸರಿಪಡಿಸಿಕೊಂಡು ಹೇಳಿದರು: “ಗೋಲು. ಹೊಡದವರು ನಮ್ಮೂರ ಅಳಿಯಾರು.” ಊರ ಅಳಿಯ ಎಂದ ಮೇಲೆ ಸುಮ್ಮನಿರುವುದು ಹೇಗೆ? ಹೆಂಗಸರ ಕಡೆಯಿಂದ ಮೊದಲು ಚಪ್ಪಾಳೆ ಬಂತು. ಯಾರು ಶುರು ಮಾಡಿದರೆಂದು ನಾನು ತಿರುಗಿ ನೋಡಲಿಲ್ಲ.

ಉಳಿದ ನಿಮಿಷಗಳನ್ನು ಚೆಂಡು ಮೈದಾನದ ಆಚೆಯ ಗುಡ್ಡದ ಕಡೆಗೆ ಒದೆಯುತ್ತ ಕಳೆದೆವು. ಗೆದ್ದೆವು. ಮಾಲಕರು ನನ್ನನ್ನು ಅಪ್ಪಿಕೊಂಡು, “ಮೊದಲs ನೀ ಹೊಡದಿದ್ರ ಇಷ್ಟು ಗಡಬಡಿ ಇರ್ತಿದ್ದಿಲ್ಲ” ಎಂದರು. ನಾಳೆಯಿಂದ ಕಾಟಾಕ್ಕೆ ಬಾ ಎಂದೂ ಹೇಳಿದರು.

ಭಾವಮೈದುನ ಗೋಲಿನ ಹಿಂದೆ ಒಂದು ಬಂಡೆಯ ಮೇಲೆ ಒಬ್ಬನೇ ಕುಳಿತು ಗ್ಲೌಸಿನ ಪಟ್ಟಿ ಬಿಚ್ಚುತ್ತಿದ್ದ. ಅವನ ತಂಡ ಲೀಗಿನಿಂದ ಹೊರಗೆ ಬಿದ್ದಿತ್ತು. ಪಕ್ಕ ಹೋಗಿ ಕುಳಿತೆ. ನನಗೆ ಗೆದ್ದ ಖುಷಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಒಂದ್ ಮಾತ್ ಕೇಳ್ತೀನಿ, ಖರೇ ಹೇಳು ಮಾವ” ಎಂದ. “ನೀನs ಹೊಡದಿದ್ರ ಯಾವ ಕಡೆ ಹೊಡೀತಿದ್ದಿ?”

“ಬಲಕ್ಕ.”

“ಹಿಡೀತಿದ್ದೆ.”

“ಗೊತ್ತೈತಿ. ಅದಕ್ಕs ಹೊಡೀಲಿಲ್ಲ.”

ಅವನು ನನ್ನ ಮುಖ ನೋಡಿದ, ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಎದ್ದು, ಗ್ಲೌಸು ಹೆಗಲಿಗೆ ಹಾಕಿಕೊಂಡು, ಮನೆಯವರೆಗೂ ನನ್ನ ಮುಂದೆ ನಡೆದ. ಅತ್ತೆ ಊಟಕ್ಕೆ ಬಡಿಸುತ್ತಿದ್ದರು. ನನ್ನ ತಟ್ಟೆಗೆ ರೊಟ್ಟಿ ಇಟ್ಟರು, ಮಾತಾಡಲಿಲ್ಲ. ಭಾವಮೈದುನ ಕೈ ತೊಳೆದುಕೊಂಡು ಬಂದು, ಓಣಿಯವರಿಗೂ ಕೇಳುವಷ್ಟು ಜೋರಾಗಿ ಹೇಳಿದ:

“ಯವ್ವಾ, ಸಿಂಧನೂರ ಸ್ಟ್ರೈಕರ್ ನನ್ನ ಕಂಡು ಅಂಜಿ ಪೆನಾಲ್ಟಿ ಬಿಟ್ಟುಕೊಟ್ಟ. ಅವನ ಬಾಯಿಂದನs ಹೇಳ್ಯಾನ.”

ಅತ್ತೆಯ ಕೈ ಸೌಟಿನ ಮೇಲೆ ನಿಂತಿತು. “ಹೌದೇನ್ರಿ ಅಳಿಯಾರ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

“ಹೌದ್ರಿ ಅತ್ತಿ” ಎಂದೆ. “ಭಾಳ ಅಂಜಿದ್ದೆ.”

ಅತ್ತೆ ಮಗನ ಕಡೆಗೊಮ್ಮೆ ನೋಡಿ, ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು. ಇನ್ನೂ ಸ್ವಲ್ಪ ಹಾಕಿದರು.